ಪಹಣಿಯಲ್ಲಿ ಯಾರ ಹೆಸರಿದೆ? ಮಲೆನಾಡಿನ ಮನೆತನ, ಭೂಮಿ ಮತ್ತು ಅಧಿಕಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಂದಾಯ ಇಲಾಖೆಯ ಹಳೆಯ ದಾಖಲೆಗಳ ನಡುವೆ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯವರು ಟ್ರಂಕಿನ ತಳದಲ್ಲಿದ್ದ ಕಾಗದಗಳನ್ನು ತಂದು, ಇದನ್ನು ಓದಿ ಹೇಳಿ ಎನ್ನುತ್ತಾರೆ. ಓದಿ ಮುಗಿಸುವಷ್ಟರಲ್ಲಿ ಮಾತು ಸರ್ವೆ ನಂಬರನ್ನು ಬಿಟ್ಟು ಅಜ್ಜನ ಕಡೆಗೆ, ಮಾತು ಬಿಟ್ಟ ದಾಯಾದಿಗಳ ಕಡೆಗೆ ಹೊರಳಿರುತ್ತದೆ. ಹಾಗೆ ಎದುರು ಕುಳಿತು ಕೇಳಿದ, ಪತ್ರದಲ್ಲಿ ಬರೆದು ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವವನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲಿಗೆ ಕೇಳುವವು

ರಾಜಕೀಯ ನಡೆಯುವುದು ರಾಜಧಾನಿಯಲ್ಲಿ. ನಮ್ಮಂಥ ಹಳ್ಳಿಯ ಮನೆಯ ಕಥೆಗೂ ಅದಕ್ಕೂ ಏನು ಸಂಬಂಧ?

ನಿಮ್ಮ ಮನೆ ಈಗಿರುವ ಜಾಗದಲ್ಲೇ ಏಕಿದೆ ಎಂದು ಒಮ್ಮೆ ಕೇಳಿಕೊಳ್ಳಿ. ಈ ಸೀಮೆಯಲ್ಲಿ ಆ ಪ್ರಶ್ನೆಗೆ ಬರುವ ಉತ್ತರ ಬಹುಪಾಲು ಯಾವುದೋ ಒಂದು ರಾಜಕೀಯ ಬದಲಾವಣೆಯ ಬುಡಕ್ಕೆ ಹೋಗಿ ಮುಟ್ಟುತ್ತದೆ. 1763ರಲ್ಲಿ ಹೈದರ್ ಅಲಿ ಬಿದನೂರನ್ನು (ಇಂದಿನ ನಗರ) ವಶಪಡಿಸಿಕೊಂಡಾಗ ಕೆಳದಿ ಅರಸರು ಕೊಟ್ಟಿದ್ದ ಉಂಬಳಿ, ಅಧಿಕಾರಗಳ ಮೇಲೆ ನಿಂತಿದ್ದ ಮನೆಗಳ ಕಾಲಡಿಯ ನೆಲ ಸರಿಯಿತು. ಕಂದಾಯ ವಸೂಲಿಯ ಕಾಟ ತಾಳಲಾರದೆ 1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಅದನ್ನೇ ಕಾರಣವಾಗಿ ತೋರಿಸಿ ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಮುಂದಿನ ಶತಮಾನದಲ್ಲಿ ಗೇಣಿ ಹೋರಾಟ, ಶರಾವತಿಯ ಅಣೆಕಟ್ಟು, 1974ರ ಭೂಸುಧಾರಣೆ. ಇವು ಪುಸ್ತಕದಲ್ಲಿ ನಾಲ್ಕು ಪಾಠಗಳು. ನಿಮ್ಮ ಮನೆಯಲ್ಲಿ ಇವೇ ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಯಾವ ಮಗ ಶಾಲೆ ಬಿಟ್ಟ ಎಂಬ ಮಾತುಗಳಾಗಿ ಉಳಿದಿರುತ್ತವೆ.

ಗೇಣಿ ಎಂದು ಅಜ್ಜ ಹೇಳುತ್ತಲೇ ಇದ್ದರು. ಅದು ಬಾಡಿಗೆಯೇ, ಕೂಲಿಯೇ?

ಎರಡೂ ಅಲ್ಲ. ನೆಲ ಒಡೆಯನದು, ಉಳುಮೆ ಒಕ್ಕಲಿನದು. ಸುಗ್ಗಿಯಲ್ಲಿ ಇಂತಿಷ್ಟು ಭತ್ತ ಒಡೆಯನ ಪಣತಕ್ಕೆ ಹೋಗಬೇಕು, ಅದು ಗೇಣಿ. ಕಷ್ಟವಿದ್ದದ್ದು ಅಳತೆಯಲ್ಲಿ. ಕೊಡುವ ಭತ್ತವನ್ನು ಅಳೆಯುವ ಕೊಳಗ ಒಡೆಯನ ಮನೆಯದು, ಅದು ವಾಡಿಕೆಯ ಕೊಳಗಕ್ಕಿಂತ ದೊಡ್ಡದಾಗಿದ್ದರೂ ಕೇಳುವ ಬಾಯಿ ಇರಲಿಲ್ಲ. ಕೊಟ್ಟಿದ್ದಕ್ಕೆ ರಸೀದಿ ಇರಲಿಲ್ಲ. ಬಾಕಿ ಉಳಿದರೆ ಮುಂದಿನ ವರ್ಷಕ್ಕೆ, ಕೆಲವೊಮ್ಮೆ ಮಗನ ತಲೆಗೆ. ಒಡೆಯನ ಮನೆಯ ಮದುವೆಗೆ, ಹಬ್ಬಕ್ಕೆ ಬಿಟ್ಟಿ ದುಡಿಮೆ ಬೇರೆ. ಒಕ್ಕಲಿನ ಗುಡಿಸಲು ನಿಂತಿದ್ದ ಜಾಗವೂ ಒಡೆಯನದೇ ಆಗಿದ್ದರಿಂದ ಜಗಳವಾಡಿದವನು ಗದ್ದೆಯ ಜೊತೆ ಸೂರನ್ನೂ ಬಿಡಬೇಕಾಗುತ್ತಿತ್ತು. ಅಜ್ಜ ಆ ಪದವನ್ನು ಹೇಳುವಾಗ ದನಿ ಇಳಿಸುತ್ತಿದ್ದರೆ ಅದಕ್ಕೆ ಕಾರಣ ಇದು.

ನಮ್ಮ ಹೆಸರಿನ ಮುಂದೆ ಪಟೇಲ, ಶಾನುಭೋಗ, ನಾಯಕ ಎಂದಿದೆ. ನಾವು ಅರಸು ವಂಶದವರಾಗಿರಬಹುದೇ?

ಪಟೇಲ, ಶಾನುಭೋಗ ಎಂಬವು ಹುದ್ದೆಗಳು. ಅಪ್ಪನಿಂದ ಮಗನಿಗೆ ಬರುತ್ತಿದ್ದುದರಿಂದ ಮನೆಯ ಹೆಸರಾದವು. ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು, ಅದು 1963ರಲ್ಲಿ ಜಾರಿಗೆ ಬಂತು. ಲೆಕ್ಕದ ಪುಸ್ತಕ ಸರ್ಕಾರದ ನೌಕರನ ಕೈಗೆ ಹೋಯಿತು, ಹೆಸರು ಮನೆಯಲ್ಲೇ ಉಳಿಯಿತು. ವಂಶದ ಹೆಸರಿಗೆ ಎಷ್ಟು ಬಲವಿತ್ತು ಎಂಬುದಕ್ಕೆ ನಗರದ ದಂಗೆಯೇ ಸಾಕ್ಷಿ. ಆಗ ಮುಂದೆ ನಿಂತ ಬೂದಿ ಬಸವಪ್ಪ ತಾನು ಕೆಳದಿ ಅರಸರ ವಂಶಸ್ಥನೆಂದು ಹೇಳಿಕೊಂಡ. ಆ ಮನೆತನದ ಆಳ್ವಿಕೆ ಮುಗಿದು ಆರೂವರೆ ದಶಕ ಕಳೆದಿತ್ತು. ಆದರೂ ಜನ ಆ ಹೆಸರಿನ ಹಿಂದೆ ಬಂದರು.

## ಕಾಗೋಡಿನಿಂದ ಡಿಕ್ಲರೇಶನ್‌ವರೆಗೆ

ಕಾಗೋಡು ಸತ್ಯಾಗ್ರಹದಲ್ಲಿ ಜೈಲಿಗೆ ಹೋದವರಿಗೆ ಕೂಡಲೇ ಭೂಮಿ ಸಿಗಲಿಲ್ಲವಲ್ಲ. ಹಾಗಾದರೆ ಅದರಿಂದ ಬಂದದ್ದೇನು?

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹಿಡಿದು ಗದ್ದೆಗೆ ಇಳಿದರು. ಹೆಚ್ಚಿನವರು ದೀವರ ಸಮುದಾಯದವರು. ಎಚ್. ಗಣಪತಿಯಪ್ಪ ಅವರನ್ನು ಸಂಘಟಿಸಿದ್ದರು, ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿಗಳು ಜೊತೆಗೆ ನಿಂತರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗದ ಅಳತೆಯ ಜಗಳ ಇಡೀ ದೇಶಕ್ಕೆ ಕೇಳಿಸಿತು.

ಕೂಡಲೇ ಭೂಮಿ ಬರಲಿಲ್ಲ, ನಿಜ. ಆದರೆ ಮರುವರ್ಷದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಇದೇ ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಅವರಿಗೆ ಆಗ ಇಪ್ಪತ್ತೊಂಬತ್ತು ವರ್ಷ. ಒಡೆಯನ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದವನ ಮಾತನ್ನು ಶಾಸನ ಮಾಡುವ ಮನೆಯಲ್ಲಿ ಎತ್ತಿ ಆಡುವವನೊಬ್ಬ ಬಂದ. ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುವುದು ಮನೆಯೊಳಗಿನ ಬದಲಾವಣೆ. ಗಂಡಸರು ಜೈಲಿನಲ್ಲಿದ್ದಾಗ ಮನೆ ನಡೆಸಿದ ಹೆಂಗಸರು, ಅಪ್ಪನನ್ನು ಪೊಲೀಸ್ ವ್ಯಾನಿನಲ್ಲಿ ಒಯ್ದದ್ದನ್ನು ಕಂಡ ಮಕ್ಕಳು ಹಳೆಯ ಹೆದರಿಕೆಯೊಂದನ್ನು ಅಲ್ಲೇ ಬಿಟ್ಟರು. ಆ ಕಾಲದ ಮಕ್ಕಳ ಜೊತೆ ಮಾತನಾಡಿದ್ದೇನೆ. ಎಪ್ಪತ್ತು ದಾಟಿದವರೂ ಅಪ್ಪ ಜೈಲಿಗೆ ಹೋದ ದಿನವನ್ನು ಹೇಳುವಾಗ ನೆಟ್ಟಗೆ ಕೂರುತ್ತಾರೆ.

ಅಜ್ಜನಿಗೆ ಭೂಮಿ ಸಿಕ್ಕಿತು. ಅದೇ ಒಡೆಯನ ಕೈಕೆಳಗಿದ್ದ ಪಕ್ಕದ ಮನೆಯವರಿಗೆ ಸಿಗಲಿಲ್ಲ. ಏಕೆ?

ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿಯ ಪ್ರಕಾರ ಗೇಣಿಯಲ್ಲಿದ್ದ ಜಮೀನೆಲ್ಲ 1974ರ ಮಾರ್ಚ್ 1ರಿಂದ ಸರ್ಕಾರಕ್ಕೆ ಸೇರಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ತನ್ನ ಉಳುಮೆಯನ್ನು ತೋರಿಸಬೇಕಿತ್ತು. ಜನರ ಬಾಯಲ್ಲಿ ಅದು 'ಡಿಕ್ಲರೇಶನ್ ಹಾಕುವುದು'. ಗಡುವು ಮುಂದಕ್ಕೆ ಹೋಗುತ್ತ 1979ರ ಜೂನ್ 30ರವರೆಗೆ ಬಂತು.

ಸಾಕ್ಷ್ಯವಾಗಿ ಮುಖ್ಯವಾದದ್ದು ಪಹಣಿಯ, ಅಂದರೆ ಜಮೀನಿನ ಹಕ್ಕು-ಉಳುಮೆ ಬರೆದಿಡುವ ಕಂದಾಯ ದಾಖಲೆಯ, 12ನೇ ಕಾಲಂ, ಅಂದರೆ ಉಳುವವನ ಹೆಸರಿನ ಕಾಲಂ. ಅಲ್ಲಿ ಹೆಸರು ಬಿದ್ದಿದ್ದರೆ ಅರ್ಧ ಗೆದ್ದ ಹಾಗೆ. ಆದರೆ ಆ ಹೆಸರನ್ನು ಬರೆಯುತ್ತಿದ್ದವರು ಊರಿನ ಲೆಕ್ಕಿಗರು, ಲೆಕ್ಕಿಗರು ಕುಳಿತು ಬರೆಯುತ್ತಿದ್ದದ್ದು ಎಷ್ಟೋ ಕಡೆ ಒಡೆಯರ ಜಗಲಿಯಲ್ಲಿ. ಇಪ್ಪತ್ತು ವರ್ಷ ಉತ್ತವನಿದ್ದರೂ ಆ ಕಾಲಂನಲ್ಲಿ 'ಸ್ವಂತ' ಎಂದೇ ಬರೆದಿರುವ ಪಹಣಿಗಳನ್ನು ನಾನೇ ಕೈಯಲ್ಲಿ ಹಿಡಿದಿದ್ದೇನೆ. ಕಾನೂನು ಬರುವ ಸುದ್ದಿ ಮೊದಲೇ ತಿಳಿದ ಒಡೆಯರು ಒಕ್ಕಲನ್ನು ಬಿಡಿಸಿದ್ದೂ ಉಂಟು. ಇನ್ನು ಕೆಲವರು ತಾವಾಗಿಯೇ ಅರ್ಜಿ ಹಾಕಲಿಲ್ಲ. ಅನ್ನ ಕೊಟ್ಟ ಮನೆ, ಅವರ ಮೇಲೆ ಹೇಗೆ ಹಾಕುವುದು ಎಂದು ಹಿಂಜರಿದ ಹಿರಿಯರ ಬಗ್ಗೆ ಮೊಮ್ಮಕ್ಕಳು ಇವತ್ತಿಗೂ ಸಿಟ್ಟಾಗುತ್ತಾರೆ. ಸಿಟ್ಟು ಬೇಡ ಎಂದು ಅವರಿಗೆ ಹೇಳುತ್ತೇನೆ. ಆ ಹಿಂಜರಿಕೆಯನ್ನು ಕಲಿಸಿದ್ದು ಮೂರು ತಲೆಮಾರಿನ ಹಂಗು.

ಎಲ್ಲಕ್ಕಿಂತ ದೊಡ್ಡ ಬಿಟ್ಟುಹೋಗುವಿಕೆ ಬೇರೆಯೇ ಇದೆ. ಕಾನೂನು ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು, ಆಳನ್ನು ಅಲ್ಲ. ಹುಟ್ಟಾಳಾಗಿ, ಜೀತದಾಳಾಗಿ ಅದೇ ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ದಲಿತ ಕುಟುಂಬಗಳಿಗೆ ಗೇಣಿಯೇ ಇರಲಿಲ್ಲ, ಆದ್ದರಿಂದ ಹಾಕಲು ಅರ್ಜಿಯೂ ಇರಲಿಲ್ಲ. ಜೀತ ರದ್ದಾದದ್ದು 1976ರ ಕೇಂದ್ರ ಕಾಯ್ದೆಯಿಂದ. ಬಿಡುಗಡೆಯಾಯಿತು, ನೆಲ ಬರಲಿಲ್ಲ. ಸರ್ಕಾರ ಮಂಜೂರು ಮಾಡಿದ ತುಂಡು ಜಮೀನು ಕೈತಪ್ಪದಂತೆ 1978ರಲ್ಲಿ ಪರಿಶಿಷ್ಟರ ಭೂ ಪರಭಾರೆ ನಿಷೇಧ ಕಾಯ್ದೆ ಬಂತು. ಒಂದೇ ಊರಿನ ಮೂರು ಮನೆಗಳು ಇವತ್ತು ಮೂರು ಎತ್ತರದಲ್ಲಿ ನಿಂತಿದ್ದರೆ, ಐವತ್ತು ವರ್ಷದ ಹಿಂದೆ ಒಂದು ಮನೆಗೆ ಗೇಣಿಚೀಟಿ ಇತ್ತು, ಇನ್ನೊಂದಕ್ಕೆ ಬಾಯಿಮಾತು ಮಾತ್ರ ಇತ್ತು, ಮೂರನೆಯದಕ್ಕೆ ಏನೂ ಇರಲಿಲ್ಲ ಎಂಬುದನ್ನು ಮೊದಲು ನೋಡಬೇಕು. ಬುದ್ಧಿ, ಶ್ರಮಗಳ ಮಾತು ಆಮೇಲೆ.

ನಾವು ಭೂಮಿ ಕಳೆದುಕೊಂಡ ಕಡೆಯವರು. ನಮ್ಮ ನೋವನ್ನು ಯಾರೂ ಕೇಳುವುದಿಲ್ಲ. ಅದು ನೋವಲ್ಲವೇ?

ನೋವೇ. ಆದರೆ ಕಳೆದುಕೊಂಡವರೆಲ್ಲ ಒಂದೇ ಅಲ್ಲ. ದೊಡ್ಡ ಮನೆಗಳಿಗೆ ಭೂಮಿ ಹೋದರೂ ಓದು, ನಂಟಸ್ತನ, ಪೇಟೆಯ ಪರಿಚಯ ಉಳಿದವು. ಅವರ ಮಕ್ಕಳು ವಕೀಲರಾದರು, ಬ್ಯಾಂಕಿಗೆ ಸೇರಿದರು, ಬೆಂಗಳೂರಿಗೆ ಹೋದರು. ಕಾಫಿಯಂಥ ತೋಟದ ಬೆಳೆಗಳು ಕಾಯ್ದೆಯ ಮುಖ್ಯ ಕಟ್ಟಳೆಗಳಿಂದ ಹೊರಗೆ ಉಳಿದದ್ದರಿಂದ ತೋಟವಿದ್ದವರ ಕೈ ಅಷ್ಟಾಗಿ ಬರಿದಾಗಲಿಲ್ಲ.

ನನಗೆ ಸಂಕಟವಾಗುವುದು ಸಣ್ಣ ಹಿಡುವಳಿಯ ವಿಧವೆಯರನ್ನು ನೆನೆದಾಗ. ಗಂಡ ತೀರಿಕೊಂಡ ಮೇಲೆ ಉಳುವವರಿಲ್ಲದೆ ಎರಡೆಕರೆಯನ್ನು ಗೇಣಿಗೆ ಕೊಟ್ಟು ಅದರ ಭತ್ತದಲ್ಲಿ ಬದುಕಿದ್ದವರು ಅವರು. 1974ರ ತಿದ್ದುಪಡಿ ಸೈನಿಕರಿಗೆ, ನಾವಿಕರಿಗೆ ಮಾತ್ರ ವಿನಾಯಿತಿ ಕೊಟ್ಟಿತು, ವಿಧವೆಯರಿಗೆ ಕೊಡಲಿಲ್ಲ. ಭೂಸುಧಾರಣೆ ನ್ಯಾಯದ ಕೆಲಸ ಎಂದು ನಾನು ಮನಸಾರೆ ನಂಬುತ್ತೇನೆ. ನಂಬುತ್ತಲೇ, ಆ ಹೆಂಗಸರಿಗೆ ಅನ್ಯಾಯವಾಯಿತು ಎಂದೂ ಹೇಳುತ್ತೇನೆ.

ಆದೇಶ ಅಜ್ಜನೊಬ್ಬನ ಹೆಸರಿನಲ್ಲಿ ಆಗಿದೆ. ಚಿಕ್ಕಜ್ಜನ ಮಕ್ಕಳು ಈಗ ಪಾಲು ಕೇಳುತ್ತಿದ್ದಾರೆ. ಕೊಡಬೇಕೇ?

ಕಾನೂನಿನ ಮಾತು ಮೊದಲು. ಗೇಣಿ ಕೂಡು ಕುಟುಂಬದ್ದಾಗಿತ್ತು ಎಂದು ಸಾಬೀತಾದರೆ, ಆದೇಶ ಒಬ್ಬರ ಹೆಸರಿನಲ್ಲಿದ್ದರೂ ಹಕ್ಕು ಕುಟುಂಬಕ್ಕೆ ಸೇರುತ್ತದೆ ಎಂದು ನ್ಯಾಯಾಲಯಗಳು ಹಲವು ಬಾರಿ ಹೇಳಿವೆ. ಅಣ್ಣತಮ್ಮಂದಿರು ಮೊದಲೇ ಬೇರೆಯಾಗಿ, ಅಜ್ಜ ತಾನೊಬ್ಬನೇ ಗೇಣಿ ಹಿಡಿದಿದ್ದರೆ ಲೆಕ್ಕ ಬೇರೆ. ನಿಮ್ಮ ಕಾಗದಗಳನ್ನು ವಕೀಲರಿಗೆ ತೋರಿಸಿ.

ಇನ್ನು ನನ್ನ ಮನೆಯ ಮಾತು. 1974ರಲ್ಲಿ ನಾನು ಹೈಸ್ಕೂಲು ಹುಡುಗ, ಮನೆಯಲ್ಲಿ ಬರೆಯಲು ಬರುತ್ತಿದ್ದವನು ನಾನೊಬ್ಬನೇ. ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಏಳನೇ ನಮೂನೆ ತುಂಬಿದವನು ನಾನು. ಯಜಮಾನ ಎಂದು ಅಜ್ಜನ ಹೆಸರು ಬರೆದೆ. ಪಕ್ಕದಲ್ಲೇ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ ಚಿಕ್ಕಜ್ಜ "ನನ್ನದೂ ಬರಿ" ಎನ್ನಲಿಲ್ಲ. ಎನ್ನಬೇಕೆಂದು ಅವರಿಗೆ ಹೊಳೆಯಲೂ ಇಲ್ಲ, ಒಂದೇ ಒಲೆಯ ಅನ್ನ ಉಣ್ಣುತ್ತಿದ್ದೆವು. ಇಬ್ಬರೂ ತೀರಿಕೊಂಡ ಮೇಲೆ ಆ ಒಂದು ಸಾಲು ಮನೆಯನ್ನು ಎರಡು ಮಾಡಿತು. ಹದಿನೆಂಟು ವರ್ಷ ನಾವು ದಾಯಾದಿಗಳು ಒಬ್ಬರ ಮನೆಯ ಸೂತಕಕ್ಕೂ ಒಬ್ಬರು ಹೋಗಲಿಲ್ಲ. ಕೊನೆಗೆ ಅಪ್ಪನನ್ನು ಒಪ್ಪಿಸಿ ಪಾಲುಪಟ್ಟಿ ಮಾಡಿಸಿದೆವು. ಕೊಡಬೇಕೇ ಎಂದು ಕೇಳಿದಿರಿ. ಚಿಕ್ಕಜ್ಜ ಆ ಗದ್ದೆಯಲ್ಲಿ ಉತ್ತದ್ದು ನಿಮಗೆ ಗೊತ್ತಿದ್ದರೆ, ಕೊಡಿ.

ಅಜ್ಜಿಯ ಹೆಸರು ಯಾವ ಕಾಗದದಲ್ಲೂ ಇಲ್ಲ. ಎಲ್ಲಿ ಹುಡುಕಲಿ?

ಈ ಪ್ರಶ್ನೆ ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ, ಬಹಳ ಸಂತೋಷ. ನಾಟಿಯಿಂದ ಹಿಡಿದು ಭತ್ತ ಕೇರುವವರೆಗೆ ದುಡಿದವಳು ಅವಳು, 12ನೇ ಕಾಲಂನಲ್ಲಿ ಬಂದದ್ದು ಗಂಡನ ಹೆಸರು. ಮೊದಲ ಚುನಾವಣೆಯ ಕಾಲದ ಮತದಾರರ ಪಟ್ಟಿ ಸಿಕ್ಕಿದರೆ ಅಲ್ಲಿ ಇರಬಹುದು. ನೋಂದಣಿ ಕಚೇರಿಯ ಹಳೆಯ ಪತ್ರಗಳಲ್ಲಿ, ಅದರಲ್ಲೂ ಹಕ್ಕು ಬಿಟ್ಟುಕೊಟ್ಟ ಪತ್ರಗಳ ಕೊನೆಯಲ್ಲಿ, ಹೆಬ್ಬೆಟ್ಟಿನ ಗುರುತಿನ ಪಕ್ಕ ಹೆಂಗಸರ ಹೆಸರುಗಳು ಸಿಗುತ್ತವೆ. ಹಕ್ಕು ಬಿಡುವಾಗ ಮಾತ್ರ ಹೆಸರು ದಾಖಲಾದ ಎಷ್ಟು ಅಜ್ಜಿಯರನ್ನು ಕಂಡಿದ್ದೇನೋ.

ಕಾನೂನು ತಡವಾಗಿ ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರದು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ತಿದ್ದುಪಡಿ ಜಾರಿಗೆ ಬಂದ ದಿನಕ್ಕೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

## ಬಂದೂಕು, ನೀರು, ಕಾಡು

ಹುತಾತ್ಮರ ಊರು, ಹುತಾತ್ಮರ ಮನೆ ಎಂದರೆ ಹೆಮ್ಮೆ. ನೀವು ಅದನ್ನು ಭಾರ ಎನ್ನುತ್ತೀರಲ್ಲ?

ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರ ಎಂದು ಸಾರಿತು. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಘೋಷಣೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಸೆಪ್ಟೆಂಬರಿನ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ಆಮೇಲೆ ಪಡೆ ಬಂತು, ಮನೆಗಳು ಸುಟ್ಟವು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದರು.

ಹೆಮ್ಮೆ ಖಂಡಿತ ಇದೆ. ಆದರೆ ಹೆಮ್ಮೆ ಊರಿನದು, ಖಾಲಿ ಜಾಗ ಮನೆಯದು. ದುಡಿಯುವ ಗಂಡಸು ಇಲ್ಲದ ಮನೆಯಲ್ಲಿ ಎತ್ತು ಮಾರಿಹೋಗುತ್ತದೆ, ಹಿರಿಯ ಮಗ ಹತ್ತು ವರ್ಷಕ್ಕೇ ಯಜಮಾನನಾಗುತ್ತಾನೆ. ಕಂಬದ ಮೇಲೆ ಕೆತ್ತಿದ ಹೆಸರಿಗೆ ಹಾರ ಹಾಕುವ ದಿನ ಆ ಮನೆಯ ಹೆಂಗಸರ ಪಾಡೇನಾಯಿತೆಂದೂ ಕೇಳಬೇಕು.

ನಾವು ಮುಳುಗಡೆಯವರು. ಮೂಲ ಊರೇ ನೀರಿನಡಿ ಇದೆ. ವಂಶವೃಕ್ಷವನ್ನು ಎಲ್ಲಿಂದ ಆರಂಭಿಸಲಿ?

ಶರಾವತಿಗೆ ಅಡ್ಡಲಾಗಿ ಮೊದಲು ಬಂದದ್ದು ಹಿರೇಭಾಸ್ಕರ ಅಣೆಕಟ್ಟು, ಆಮೇಲೆ 1964ರಲ್ಲಿ ಲಿಂಗನಮಕ್ಕಿ. ಹೊಸದರ ಹಿನ್ನೀರಿನಲ್ಲಿ ಹಳೆಯ ಅಣೆಕಟ್ಟೇ ಮುಳುಗಿತು. ಮಳೆ ಕೈಕೊಟ್ಟ ವರ್ಷದ ಬೇಸಗೆಯಲ್ಲಿ ಮಡೆನೂರಿನ ಬಳಿ ಅದು ತಲೆ ಎತ್ತುವುದನ್ನು ನೋಡಲು ಜನ ಹೋಗುತ್ತಾರೆ. ಹೋದವರಲ್ಲಿ ಕೆಲವರು ತಮ್ಮ ಬಾವಿ ಎಲ್ಲಿತ್ತು, ತುಳಸಿಕಟ್ಟೆ ಎಲ್ಲಿತ್ತು ಎಂದು ಹುಡುಕುತ್ತಾರೆ.

ನಾಡಿಗೆ ವಿದ್ಯುತ್ ಬಂತು. ಮುಳುಗಡೆಯ ಕುಟುಂಬಗಳನ್ನು ಲಾರಿಗಳಲ್ಲಿ ಸಾಗಿಸಿ ಬೇರೆ ಬೇರೆ ಕಡೆ ಇಳಿಸಿದರು, ಇಳಿಸಿದ ಜಾಗ ಎಷ್ಟೋ ಕಡೆ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಇಲ್ಲಿ ಕಾನೂನಿನ ಒಂದು ಕ್ರೂರ ಲೆಕ್ಕವಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಸರ್ಕಾರವೇ ಅರವತ್ತರ ದಶಕದಲ್ಲಿ ತಂದಿಳಿಸಿದವರು 1930ರಿಂದ ಅಲ್ಲಿದ್ದೆವೆಂದು ಹೇಗೆ ತೋರಿಸುವುದು? ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚನ್ನೇ ನಂಬಿ ಆಚೆ ದಡದಲ್ಲಿ ಉಳಿದವರಿಗೆ ಅಂಬಾರಗೊಡ್ಲು-ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ.

ವಂಶವೃಕ್ಷಕ್ಕೆ ಮುಳುಗಡೆಯ ಪರಿಹಾರದ ಪಟ್ಟಿಯಿಂದ ಆರಂಭಿಸಿ. ಊರು, ಮನೆಯ ಯಜಮಾನ, ಜಮೀನು ಅದರಲ್ಲಿ ಇರುತ್ತವೆ. ಮನೆದೇವರು ಯಾವುದು, ಮುಳುಗುವ ಮೊದಲು ದೇವರ ಕಲ್ಲನ್ನು ಯಾರು ಹೊತ್ತು ತಂದರು ಎಂದು ಕೇಳಿ. ಚದುರಿದ ದಾಯಾದಿಗಳು ಬಹಳ ಸಲ ಆ ಗುಡಿಯ ಪೂಜೆಯಲ್ಲೇ ಒಬ್ಬರಿಗೊಬ್ಬರು ಸಿಗುತ್ತಾರೆ.

## ಅಧಿಕಾರ ಹೊಸ ಮನೆಗೆ ಬಂದ ಮೇಲೆ

ಹೋರಾಟದಿಂದ ಬಂದ ನಾಯಕರ ಮಕ್ಕಳೂ ನಾಯಕರೇ ಆಗುತ್ತಾರೆ. ಒಬ್ಬ ಧಣಿ ಹೋಗಿ ಇನ್ನೊಬ್ಬ ಧಣಿ ಬಂದಂತೆ ಆಗಲಿಲ್ಲವೇ?

ಪ್ರಶ್ನೆ ನ್ಯಾಯವಾದದ್ದೇ. ಕಡಿದಾಳ್ ಮಂಜಪ್ಪ, ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್, ಬಿ.ಎಸ್. ಯಡಿಯೂರಪ್ಪ: ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ಇದು. ಬಂಗಾರಪ್ಪನವರ ಮಕ್ಕಳಾದ ಕುಮಾರ್ ಮತ್ತು ಮಧು ಸೊರಬದಲ್ಲಿ ಬೇರೆ ಬೇರೆ ಪಕ್ಷಗಳಿಂದ ಎದುರಾಳಿಗಳಾಗಿ ನಿಂತರು. 2013ರಲ್ಲಿ ತಮ್ಮ, 2018ರಲ್ಲಿ ಅಣ್ಣ, 2023ರಲ್ಲಿ ಮತ್ತೆ ತಮ್ಮ ಗೆದ್ದರು. ಯಡಿಯೂರಪ್ಪನವರ ಒಬ್ಬ ಮಗ ಶಿವಮೊಗ್ಗದ ಸಂಸದ, ಇನ್ನೊಬ್ಬರು ಶಿಕಾರಿಪುರದ ಶಾಸಕ. 2024ರ ಲೋಕಸಭಾ ಚುನಾವಣೆಯಲ್ಲಿ ಈ ಎರಡು ಮನೆಗಳ ಮಗ, ಮಗಳು ಮುಖಾಮುಖಿಯಾದರು.

ಆದರೂ ಹಳೆಯ ಧಣಿತನವೂ ಇದೂ ಒಂದೇ ಎಂದು ನಾನು ಒಪ್ಪುವುದಿಲ್ಲ. ಒಕ್ಕಲಿಗೆ ಒಡೆಯನನ್ನು ಬದಲಾಯಿಸುವ ದಾರಿ ಇರಲಿಲ್ಲ, ಮತದಾರನಿಗೆ ಐದು ವರ್ಷಕ್ಕೊಮ್ಮೆ ಇದೆ. ಸೊರಬದವರು ಅದನ್ನು ಬಳಸಿಯೂ ತೋರಿಸಿದರು. ಸಮಸ್ಯೆ ಬರುವುದು ಟಿಕೆಟ್ ಹಂಚುವ ಹಂತದಲ್ಲಿ. ಹೆಸರು, ಹಣ, ಕಾರ್ಯಕರ್ತರ ಪಡೆ ಮೂರೂ ಮೊದಲೇ ಇರುವ ಮನೆಯ ಎದುರು, ಗೇಣಿದಾರನ ಮೊಮ್ಮಗಳೊಬ್ಬಳು ಎಷ್ಟೇ ಓದಿದ್ದರೂ ಬಾಗಿಲ ಹೊರಗೆ ಕಾಯುತ್ತಾಳೆ. ಗೋಪಾಲಗೌಡರು ಇಪ್ಪತ್ತೊಂಬತ್ತಕ್ಕೆ ಒಳಗೆ ಹೋದ ಆ ಬಾಗಿಲು ಇಂದು ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ಇದು ನನ್ನನ್ನು ನಿಜಕ್ಕೂ ಕಾಡುವ ವಿಷಯ.

ಒಡೆಯರ ಮನೆಗೆ ಹೋದರೆ ಅಪ್ಪ ಈಗಲೂ ಜಗಲಿಯ ತುದಿಯಲ್ಲೇ ಕೂರುತ್ತಾರೆ. ಅವರೇ ಒಳಗೆ ಕರೆದರೂ ಹೋಗುವುದಿಲ್ಲ. ಏಕೆ?

ಭೂಮಿಯ ಹಕ್ಕನ್ನು ನ್ಯಾಯಮಂಡಳಿ ಒಂದು ದಿನದಲ್ಲಿ ಬದಲಾಯಿಸಿತು. ಯಾವ ಹೊಸ್ತಿಲನ್ನು ದಾಟಬಾರದೆಂದು ಐದು ವರ್ಷದ ಮಗುವಿಗೆ ಕಲಿಸಿದ್ದನ್ನು ಬದಲಾಯಿಸುವ ಆದೇಶ ಯಾವುದೂ ಇಲ್ಲ. ಅಪ್ಪನನ್ನು ಎಲ್ಲರೆದುರು ಬಲವಂತ ಮಾಡಬೇಡಿ, ನೀವು ಒಳಗೆ ಹೋಗಿ ಕೂತುಕೊಳ್ಳಿ. ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ.

ಇದನ್ನೆಲ್ಲ ಮಕ್ಕಳಿಗೆ ಹೇಳಿದರೆ ದ್ವೇಷ ಹುಟ್ಟುವುದಿಲ್ಲವೇ?

ಅರ್ಧ ಹೇಳಿದರೆ ಹುಟ್ಟುತ್ತದೆ. ಒಡೆಯರು ಕೆಟ್ಟವರಾಗಿದ್ದರು ಎಂದಷ್ಟೇ ಹೇಳಿದರೆ ಮಗು ಇವತ್ತಿನ ನೆರೆಮನೆಯ ಹುಡುಗನನ್ನು ನೋಡುತ್ತದೆ. ಕೊಳಗದ ಅಳತೆ, ರಸೀದಿ, 12ನೇ ಕಾಲಂ, ವಿಧವೆಯ ಎರಡೆಕರೆ, ಆಳಿಗೆ ಸಿಗದ ನೆಲ ಎಲ್ಲವನ್ನೂ ಹೇಳಿದರೆ ಅದು ವ್ಯವಸ್ಥೆಯನ್ನು ನೋಡುತ್ತದೆ. ನಿಮ್ಮ ಮನೆಯವರು ಇನ್ನೊಬ್ಬರಿಗೆ ಮಾಡಿದ ತಪ್ಪನ್ನೂ ಸೇರಿಸಿ ಹೇಳಿ. ಗೇಣಿದಾರನ ಮನೆಯ ಬಾಗಿಲಲ್ಲೂ ದೂರ ನಿಂತವರು ಇದ್ದರು.

ನಮ್ಮ ಮನೆತನದ ಚರಿತ್ರೆ ಬರೆಯಬೇಕೆಂದಿದ್ದೇನೆ. ಯಾವ ಕಾಗದದಿಂದ ಆರಂಭಿಸಲಿ?

ಇಂದಿನ ಪಹಣಿಯಿಂದ ಹಿಂದಕ್ಕೆ ನಡೆಯಿರಿ. ಗಣಕೀಕರಣಕ್ಕೆ ಮೊದಲಿನ ಕೈಬರಹದ ಪಹಣಿಗಳು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿವೆ, ಅರ್ಜಿ ಕೊಟ್ಟರೆ ದೃಢೀಕೃತ ನಕಲು ಸಿಗುತ್ತದೆ. 1965ರಿಂದ 1980ರವರೆಗಿನ ಪ್ರತಿ ವರ್ಷದ ನಕಲು ತೆಗೆಸಿ, 9ನೇ (ಒಡೆಯನ) ಮತ್ತು 12ನೇ (ಉಳುವವನ) ಕಾಲಂಗಳ ಹೆಸರು ಯಾವ ವರ್ಷ ಬದಲಾಯಿತು ಎಂದು ಗುರುತು ಹಾಕಿ. ಬದಲಾದ ವರ್ಷದ ಮ್ಯುಟೇಶನ್ (ಹಕ್ಕು ಬದಲಾವಣೆಯ) ವಹಿ ನೋಡಿ, ಕಾರಣ ಅಲ್ಲಿರುತ್ತದೆ: ಪೌತಿ (ಸಾವು), ಪಾಲು, ಕ್ರಯ ಅಥವಾ ನ್ಯಾಯಮಂಡಳಿಯ ಆದೇಶ. ಆದೇಶವಾಗಿದ್ದರೆ ಅದರ ಕಡತವನ್ನೇ ಕೇಳಿ. ಗೇಣಿದಾರ, ಒಡೆಯ, ಸಾಕ್ಷಿಗಳು ಕೊಟ್ಟ ಹೇಳಿಕೆಗಳು ಅದರಲ್ಲಿರುತ್ತವೆ. ನಿಮ್ಮ ಅಜ್ಜ ಆಡಿದ ಮಾತು ಬರಹದಲ್ಲಿ ಉಳಿದಿರುವ ಒಂದೇ ಜಾಗ ಅದಾಗಿರಬಹುದು.

ಆಮೇಲೆ ಆ ನಕಲುಗಳನ್ನು ಹಿಡಿದು ಮನೆಯಲ್ಲಿ ಬದುಕಿರುವ ಅತಿ ಹಿರಿಯ ಹೆಂಗಸಿನ ಪಕ್ಕ ಕುಳಿತುಕೊಳ್ಳಿ. ಸರ್ವೆ ನಂಬರು ಹೇಳಿದರೆ ಅವರಿಗೆ ತಿಳಿಯುವುದಿಲ್ಲ. ಗದ್ದೆಯ ಹೆಸರು ಕೇಳಿ. ಹೊಳೆಬದಿಯದೋ, ಕಾನಿನಂಚಿನದೋ, ಯಾವ ಮಳೆಗೆ ನಾಟಿ ಮಾಡುತ್ತಿದ್ದರು, ಅಲ್ಲಿ ಜೊತೆಗೆ ಯಾರು ಯಾರು ನೆಡುತ್ತಿದ್ದರು ಎಂದು ಕೇಳಿ, ಬಂದ ಹೆಸರುಗಳನ್ನೆಲ್ಲ ಆ ವರ್ಷದ ಪಹಣಿಯ ಹಿಂಬದಿಯಲ್ಲಿ ಬರೆದುಕೊಳ್ಳಿ.